ವನ ಅಗ್ನಿ ಎಸ್ಸೆಮ್ಮೆಸ್ ಸೇವೆ: ಉತ್ತರ ಕನ್ನಡದ ಕಾಡಂಚಿನವರಿಗೆ ಎಷ್ಟು ಪ್ರಯೋಜನ?

ಕಾಡಿಗೆ ಬೆಂಕಿ ಬಿದ್ದರೆ ಮೊಬೈಲಿಗೆ ಸಂದೇಶ ಬರುವ ಸರ್ಕಾರಿ ಸೇವೆ ಇದೆ, ಅದು ಪುಕ್ಕಟೆ, ಅರಣ್ಯ ಇಲಾಖೆಯವರಷ್ಟೇ ಅಲ್ಲ, ಯಾರು ಬೇಕಾದರೂ ಸೇರಬಹುದು. ಶಿರಸಿ, ಯಲ್ಲಾಪುರ, ಅಂಕೋಲಾ ಕಡೆ ಕಾಡಿಗೆ ಅಂಟಿಕೊಂಡೇ ಮನೆ ಮಾಡಿಕೊಂಡಿರುವ ಎಷ್ಟೋ ಜನರಿಗೆ ಈ ವಿಷಯ ಮುಟ್ಟಿಲ್ಲ. ಸೇವೆ ನಡೆಸುವುದು ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ, ಅಂದರೆ ಎಫ್‌ಎಸ್‌ಐ. 2004ರಿಂದ ಉಪಗ್ರಹದ ಮೂಲಕ ಬೆಂಕಿ ಗುರುತಿಸುತ್ತಿದೆ. 2017ರಲ್ಲಿ ಹೆಚ್ಚು ಸೂಕ್ಷ್ಮವಾದ ಸಂವೇದಕದ ಮಾಹಿತಿ ಸೇರಿತು, 2019ರಲ್ಲಿ ಈಗಿನ ರೂಪ ಬಂತು. ಜಾಲತಾಣದ ಹೆಸರು ವನ ಅಗ್ನಿ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬೆಂಕಿ ಕಂಡಾಗ ಹೇಳುವ ಕೆಲಸವನ್ನು ಈ ಸೇವೆ ಚೆನ್ನಾಗಿ ಮಾಡುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಹೊಗೆ ಎಬ್ಬಿಸುವ ಬೆಂಕಿಯ ದೊಡ್ಡ ಪಾಲು ಅದರ ಕಣ್ಣಿಗೆ ಬೀಳುವ ಹೊತ್ತಿನಲ್ಲಿ ಉರಿಯುವುದಿಲ್ಲ. ಕಣ್ಣಿಗೆ ಬಿದ್ದದ್ದಕ್ಕೂ ಮುಂದೆ ಏನಾಯಿತು ಎಂಬುದು ಸಂದೇಶ ಪಡೆದವರಿಗೆ ತಿಳಿಯುವುದಿಲ್ಲ. ಈ ಎರಡನ್ನೂ ಅರಿತು ಬಳಸಿದರೆ ಮಾತ್ರ ಇದು ಕೈಗೆ ಬರುವ ಸಾಧನ.

ನೋಂದಣಿಗೆ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್ ಸಾಕು. ತಪ್ಪಾಗುವುದು ಅದರ ಮುಂದಿನ ಹಂತದಲ್ಲಿ, ಪ್ರದೇಶ ಆರಿಸುವಾಗ. ಅಲ್ಲಿ ಬರುವುದು ತಾಲ್ಲೂಕಿನ ಹೆಸರಲ್ಲ, ಅರಣ್ಯ ವಿಭಾಗದ ಹೆಸರು. ಶಿರಸಿಯಲ್ಲಿ ಕೇಂದ್ರ ಇರುವ ಕೆನರಾ ವೃತ್ತದಲ್ಲಿ ಐದು ವಿಭಾಗಗಳಿವೆ: ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ, ಹೊನ್ನಾವರ. ಸಿದ್ದಾಪುರದವರು ಶಿರಸಿ ವಿಭಾಗದಲ್ಲಿ ಹುಡುಕಬೇಕು, ಮುಂಡಗೋಡದವರು ಯಲ್ಲಾಪುರದಲ್ಲಿ, ಅಂಕೋಲಾದವರು ಕಾರವಾರದಲ್ಲಿ, ಕುಮಟಾ ಮತ್ತು ಭಟ್ಕಳದವರು ಹೊನ್ನಾವರದಲ್ಲಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಡಳಿತ ಬೇರೆ.

ವಿಭಾಗದೊಳಗೆ ವಲಯಗಳು, ವಲಯದೊಳಗೆ ಬೀಟ್‌ಗಳು, ಬೀಟ್ ಎಂದರೆ ಒಬ್ಬ ಗಸ್ತು ಪಾಲಕನ ಪಾಲಿನ ಕಾಡು. ತಮ್ಮ ಊರಿನ ಬೀಟ್ ಒಂದನ್ನೇ ಆರಿಸಿ ಸುಮ್ಮನಾಗುವವರು ಹೆಚ್ಚು. ಅದು ಸಾಲದು. ಮನೆ ಹಿಂದಿನ ಗುಡ್ಡದ ಆಚೆ ಮಗ್ಗುಲು ಬೇರೆ ಬೀಟ್ ಆಗಿರುತ್ತದೆ, ಬೆಂಕಿ ಬರುವುದು ಅಲ್ಲಿಂದಲೇ. ಇಡೀ ಕರ್ನಾಟಕವನ್ನು ಆರಿಸಿದರೆ ಮಾರ್ಚಿನಲ್ಲಿ ದಿನವಿಡೀ ಫೋನ್ ಕುಟುಕುತ್ತದೆ, ವಾರದೊಳಗೆ ನೋಡುವುದನ್ನೇ ಬಿಡುತ್ತೀರಿ. ನಿಮ್ಮ ವಲಯ ಪೂರ್ತಿ, ಜೊತೆಗೆ ಗಡಿಗೆ ತಾಗುವ ವಲಯಗಳು: ಈ ಅಳತೆ ಸರಿ. ದೇವಿಮನೆ ಘಟ್ಟದ ಆಸುಪಾಸಿನವರು ಶಿರಸಿ, ಹೊನ್ನಾವರ ಎರಡೂ ವಿಭಾಗದ ವಲಯಗಳನ್ನು ಹಾಕಿಕೊಳ್ಳಬೇಕು. ಅರಬೈಲ್ ಘಟ್ಟದವರಿಗೆ ಯಲ್ಲಾಪುರ ಮತ್ತು ಕಾರವಾರ. ಹೊಗೆ ವಿಭಾಗದ ಗಡಿ ನೋಡಿ ನಿಲ್ಲುವುದಿಲ್ಲ.

ಸಂದೇಶದಲ್ಲಿ ವಿಭಾಗ, ವಲಯ, ಬೀಟ್ ಹೆಸರಿನ ಜೊತೆ ಅಕ್ಷಾಂಶ ರೇಖಾಂಶ ಇರುತ್ತದೆ. ಅದನ್ನು ನಕ್ಷೆಯಲ್ಲಿ ಹಾಕುವಾಗ ಒಂದು ಎಡವಟ್ಟು ಮೇಲಿಂದ ಮೇಲೆ ಆಗುತ್ತದೆ. 14 ಡಿಗ್ರಿ 37 ನಿಮಿಷ 30 ಸೆಕೆಂಡು ಎಂದರೆ 14.625. ಅದನ್ನೇ 14.3730 ಎಂದು ಒತ್ತಿದರೆ ಬಿಂದು ಸುಮಾರು 28 ಕಿಲೋಮೀಟರ್ ದಕ್ಷಿಣಕ್ಕೆ ಜಿಗಿಯುತ್ತದೆ, ಶಿರಸಿ ಪೇಟೆಯ ಅಂಚಿನ ಬೆಂಕಿ ಸಿದ್ದಾಪುರದ ಹತ್ತಿರ ಹೋಗಿ ಕೂರುತ್ತದೆ. ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸಿಯೇ ಹಾಕಬೇಕು. ದಶಮಾಂಶದ ನಂತರ ಮೂರು ಅಂಕಿ ಸಾಕು, ಮೂರನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು 110 ಮೀಟರ್ ವ್ಯತ್ಯಾಸ.

ಇನ್ನು ಆ ಬಿಂದು ಎಂದರೇನು ಎಂಬುದು. ಅದು ಬೆಂಕಿ ಇರುವ ಜಾಗವಲ್ಲ, ಉಪಗ್ರಹ ಒಟ್ಟಾಗಿ ನೋಡಿದ ಒಂದು ಚೌಕದ ನಡುಮಧ್ಯ. ವಿಐಐಆರ್‌ಎಸ್ ಎಂಬ ಸಂವೇದಕಕ್ಕೆ ಆ ಚೌಕದ ಬದಿ 375 ಮೀಟರ್, ಹಳೆಯ ಮೋಡಿಸ್‌ಗೆ 1 ಕಿಲೋಮೀಟರ್. ಉಪಗ್ರಹ ನೆತ್ತಿಯ ಮೇಲೆ ಹೋಗದೆ ಓರೆಯಾಗಿ ನೋಡಿದಾಗ ಚೌಕ ಇನ್ನೂ ಹಿಗ್ಗುತ್ತದೆ, ವಿಐಐಆರ್‌ಎಸ್‌ನದು ಅಂಚಿನಲ್ಲಿ ಇಮ್ಮಡಿಗಿಂತಲೂ ಹೆಚ್ಚಾಗುತ್ತದೆ. ಸಂದೇಶದಲ್ಲಿ ಮೋಡಿಸ್ ಎಂದಿದ್ದರೆ ವಲಯದ ಹೆಸರನ್ನಷ್ಟೇ ನಂಬಿ, ಬೀಟ್ ಹೆಸರನ್ನು ನಂಬಬೇಡಿ. ಮೋಡಿಸ್ ಹೊತ್ತ ಎರಡು ಉಪಗ್ರಹಗಳು 1999 ಮತ್ತು 2002ರಲ್ಲಿ ಹಾರಿದವು, ಅವುಗಳ ಆಯುಸ್ಸು ಮುಗಿಯುತ್ತ ಬಂದಿದೆ.

ಬಯಲುಸೀಮೆಯಲ್ಲಿ 300 ಮೀಟರ್ ಆಚೀಚೆ ಆದರೆ ದೊಡ್ಡ ವಿಷಯವಲ್ಲ. ನಮ್ಮಲ್ಲಿ ಅದೇ ಇಡೀ ವಿವಾದ. ಕಣಿವೆಯ ಕೆಳಗೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಇಲಾಖೆಯ ಕಾಡು, ನಡುವೆ ಎಲ್ಲೋ ಬ್ಯಾಣ, ಅಂದರೆ ಹುಲ್ಲುಗಾವಲು. ಇಷ್ಟೆಲ್ಲ ಅರ್ಧ ಕಿಲೋಮೀಟರಿನೊಳಗೆ ಮುಗಿಯುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಇರುವ ಜಿಲ್ಲೆ ಇದು. ಸವಲತ್ತು ಇರುವುದು ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆಗೆ), ನೆಲ ಸರ್ಕಾರದ್ದು. ಬಿಂದು ಬೆಟ್ಟದಲ್ಲಿ ಬಿದ್ದರೆ ಬೆಟ್ಟದವರು ಕಾಡಿನಿಂದ ಬಂತು ಅನ್ನುತ್ತಾರೆ, ಸಿಬ್ಬಂದಿ ಬೆಟ್ಟದಿಂದ ಹೋಯಿತು ಅನ್ನುತ್ತಾರೆ. ಎಸ್ಸೆಮ್ಮೆಸ್ ಇದನ್ನು ಬಗೆಹರಿಸಲಾರದು. ಬಗೆಹರಿಸುವುದು ನೆಲದ ಗುರುತು. ಸುಡುತ್ತ ಸಾಗಿದ ಬೆಂಕಿ ಮರದ ಕಾಂಡದ ಮೇಲೆ ಕರಿ ಬಿಡುತ್ತದೆ. ಇಳಿಜಾರಿನಲ್ಲಿ ಮೇಲೇರುತ್ತ ಅಥವಾ ಗಾಳಿಯ ಜೊತೆ ಓಡಿದ ಬೆಂಕಿಯಾದರೆ ಅದು ಹೋದ ದಿಕ್ಕಿನ ಬದಿಯಲ್ಲಿ ಕರಿ ಎತ್ತರಕ್ಕೆ ಏರಿರುತ್ತದೆ. ನಾಲ್ಕೈದು ಮರಗಳ ಕರಿಯನ್ನು ಎರಡೂ ಬದಿಯಿಂದ ಫೋಟೊ ತೆಗೆದಿಟ್ಟರೆ ಬೆಂಕಿ ಯಾವ ಕಡೆಯಿಂದ ಬಂತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಮೊದಲ ಮಳೆ ಬೀಳುವ ಮೊದಲೇ ಈ ಕೆಲಸ ಆಗಬೇಕು.

ಈಗ ಸೇವೆಯ ದೊಡ್ಡ ದೋಷಕ್ಕೆ ಬರೋಣ. ವಿಐಐಆರ್‌ಎಸ್ ಹೊತ್ತ ಉಪಗ್ರಹಗಳು ನಮ್ಮ ನೆತ್ತಿ ದಾಟುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ಮತ್ತೆ ರಾತ್ರಿ ಒಂದೂವರೆಯ ಆಸುಪಾಸು. ನಡುವಿನ ಹನ್ನೊಂದು ಹನ್ನೆರಡು ತಾಸು ಅವಕ್ಕೆ ಏನೂ ಕಾಣದು. ಘಟ್ಟದಲ್ಲಿ ಬೆಂಕಿ ಹಚ್ಚುವ ಹೊತ್ತು ಯಾವುದು? ಗೇರು ಹಕ್ಕಲು ಚೊಕ್ಕಟ ಮಾಡುವವರು, ಹೊಸ ಹುಲ್ಲು ಚಿಗುರಲಿ ಎಂದು ಬ್ಯಾಣದ ಕರಡಕ್ಕೆ (ಒಣಗಿದ ಹುಲ್ಲಿಗೆ) ಕಡ್ಡಿ ಗೀರುವವರು, ರಸ್ತೆ ಬದಿ ಕಸ ಸುಡುವವರು ಬಿಸಿಲು ಇಳಿದ ಮೇಲೆ, ನಾಲ್ಕು ಗಂಟೆಯ ನಂತರ ಕೈ ಹಾಕುತ್ತಾರೆ. ಒಣ ದರಕಿನ ನೆಲಬೆಂಕಿ ಸಂಜೆ ಓಡುತ್ತದೆ, ರಾತ್ರಿ ಇಬ್ಬನಿ ಇಳಿಯುತ್ತಿದ್ದಂತೆ ಕುಗ್ಗಿ ಹೊಗೆಯಾಡುವ ಸ್ಥಿತಿಗೆ ಬರುತ್ತದೆ. ಒಂದೂವರೆಗೆ ಉಪಗ್ರಹ ಬರುವಾಗ ಜ್ವಾಲೆ ಇರುವುದಿಲ್ಲ, ಬಿಸಿಯೂ ಸಾಲದು. ಹಾಗಾಗಿ ಎಚ್ಚರಿಕೆಯೇ ಹುಟ್ಟುವುದಿಲ್ಲ. ಹೊಗೆಯಾಡುವ ಬೆಂಕಿಯೇ ಉಸಿರಿಗೆ ಹೆಚ್ಚು ಕೆಟ್ಟದ್ದು ಎಂಬುದನ್ನು ನೆನಪಿಡಬೇಕು. ಧಗಧಗ ಉರಿದ ಕಿಲೋ ಎಲೆಗಿಂತ ಕನಲುವ ಕಿಲೋ ಎಲೆ ಹೆಚ್ಚು ಸೂಕ್ಷ್ಮ ಕಣವನ್ನೂ ಹೆಚ್ಚು ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ.

ಮರದ ನೆತ್ತಿ ಮುಚ್ಚಿಕೊಂಡಿರುವಲ್ಲಿ ಇನ್ನೊಂದು ತೊಡಕು. ಹಳಿಯಾಳ, ಮುಂಡಗೋಡದ ತೇಗದ ನೆಡುತೋಪು ಫೆಬ್ರುವರಿಗೆ ಎಲೆ ಉದುರಿಸಿ ಬೋಳಾಗುತ್ತದೆ, ಅಲ್ಲಿನ ನೆಲಬೆಂಕಿ ಮೇಲಿನಿಂದ ಸಲೀಸಾಗಿ ಕಾಣುತ್ತದೆ. ಶಿರಸಿ, ಸಿದ್ದಾಪುರ, ಹೊನ್ನಾವರದ ನಿತ್ಯಹರಿದ್ವರ್ಣ ಕಾಡಿನಡಿಯ ಬೆಂಕಿ ಕಾಣುವುದು ಕಷ್ಟ. ಹೀಗಾಗಿ ಎಚ್ಚರಿಕೆಗಳ ಸಂಖ್ಯೆ ನೋಡಿ ಹಳಿಯಾಳ ಕೆಟ್ಟದ್ದು, ಹೊನ್ನಾವರ ಒಳ್ಳೆಯದು ಎನ್ನುವುದು ತಪ್ಪು ಲೆಕ್ಕ. ಎರಡು ಮೂರು ಉಪಗ್ರಹಗಳು ಒಂದೇ ಬೆಂಕಿಯನ್ನು ಬೇರೆ ಬೇರೆಯಾಗಿ ಎಣಿಸುತ್ತವೆ, ದೊಡ್ಡ ಬೆಂಕಿ ಹಲವು ಚೌಕಗಳಲ್ಲಿ ಬೀಳುತ್ತದೆ. ಎಚ್ಚರಿಕೆಯ ಸಂಖ್ಯೆ ಬೆಂಕಿಯ ಸಂಖ್ಯೆಯಲ್ಲ. ಮೋಡ ಇದ್ದರೆ ಏನೂ ಕಾಣದು. ಹೊಗೆ ಮಾತ್ರ ಅಷ್ಟಾಗಿ ಅಡ್ಡಿಯಲ್ಲ, ಬಿಸಿ ಅಳೆಯುವ ಅವಗೆಂಪು ಕಿರಣ ಹೊಗೆಯನ್ನು ತೂರಿ ಬರುತ್ತದೆ.

ಈ ಕೊರತೆಯನ್ನು ಸ್ವಲ್ಪವಾದರೂ ತುಂಬಲು, ಉಪಗ್ರಹ ಕಂಡ ಬೆಂಕಿಗಳನ್ನು ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯನ್ನು ಜೊತೆಗೆ ಇಟ್ಟುಕೊಳ್ಳಿ. ಅದೂ ಪುಕ್ಕಟೆ, ಇಮೇಲ್ ಎಚ್ಚರಿಕೆಯೂ ಸಿಗುತ್ತದೆ. ಉಪಗ್ರಹ ದಾಟಿದ ಮೂರು ತಾಸಿನೊಳಗೆ ಬಿಂದುಗಳು ಬರುತ್ತವೆ. ವ್ಯತ್ಯಾಸ ಇಷ್ಟೇ: ಎಫ್‌ಎಸ್‌ಐ ಅರಣ್ಯದ ಗಡಿಯೊಳಗಿನದನ್ನು ಮಾತ್ರ ಸೋಸಿ ಕೊಡುತ್ತದೆ, ಫರ್ಮ್ಸ್ ಎಲ್ಲವನ್ನೂ ತೋರಿಸುತ್ತದೆ. ಹಳಿಯಾಳದ ಕಬ್ಬಿನ ರವದಿ ಸುಡುವುದು ಎಸ್ಸೆಮ್ಮೆಸ್‌ನಲ್ಲಿ ಬರುವುದಿಲ್ಲ, ಫರ್ಮ್ಸ್‌ನಲ್ಲಿ ಬರುತ್ತದೆ. ಬೆಂಕಿ ಆರಿಸಲು ಎಸ್ಸೆಮ್ಮೆಸ್ ಸಾಕು, ಹೊಗೆ ಎಲ್ಲಿಯದು ಎಂದು ತಿಳಿಯಲು ಫರ್ಮ್ಸ್ ಬೇಕು. ಅಲ್ಲಿ ಸಮಯ ಯುಟಿಸಿಯಲ್ಲಿದ್ದರೆ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿದ್ದರೆ, ಐದೂವರೆ ತಾಸು ಕೂಡಿಸಿ, 8.10 ಎಂದರೆ ನಮ್ಮ ಮಧ್ಯಾಹ್ನ 1.40. ಪ್ರತಿ ಬಿಂದುವಿಗೆ ವಿಶ್ವಾಸದ ಮಟ್ಟ ಬರೆದಿರುತ್ತದೆ. ಹಗಲಿನ ಕಡಿಮೆ ವಿಶ್ವಾಸದ ಒಂಟಿ ಬಿಂದು ನೀರಿನ ಮೇಲಿನ ಪ್ರತಿಫಲನದಿಂದಲೂ ಹುಟ್ಟಬಹುದು. ಶರಾವತಿ, ಕಾಳಿಯ ಹಿನ್ನೀರಿನ ಪಕ್ಕದ ಅಂಥ ಬಿಂದುಗಳಿಗೆ ಓಡಬೇಡಿ. ರಾತ್ರಿಯ ಬಿಂದುವನ್ನು ಹೆಚ್ಚು ನಂಬಬಹುದು, ನೆಲ ತಣ್ಣಗಿರುವಾಗ ಬಿಸಿ ಎದ್ದು ಕಾಣುತ್ತದೆ. ಭಾರತದ್ದೇ ಇನ್‌ಸ್ಯಾಟ್ 3ಡಿಆರ್ ಉಪಗ್ರಹ ದಿನವಿಡೀ ಅರ್ಧ ತಾಸಿಗೊಮ್ಮೆ ನೋಡುತ್ತದೆ ನಿಜ, ಆದರೆ ಅದರ ಚೌಕ 4 ಕಿಲೋಮೀಟರಿನದು. ಬೆಟ್ಟದ ದರಕು ಬೆಂಕಿಗೆ ಅದು ಸಾಲದು.

ಹೊಗೆಯ ಚಲನೆ ಗೊತ್ತಿದ್ದರೆ ಈ ಬಿಂದುಗಳಿಗೆ ಅರ್ಥ ಬರುತ್ತದೆ. ಹಗಲು ಹನ್ನೊಂದರ ಹೊತ್ತಿಗೆ ಕಡಲ ಗಾಳಿ ಎದ್ದು ಹೊಗೆಯನ್ನು ಘಟ್ಟದತ್ತ ನೂಕುತ್ತದೆ. ರಾತ್ರಿ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹರಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಣಿವೆಗಳು ಅದಕ್ಕೆ ದಾರಿ. ಯಲ್ಲಾಪುರದ ಕಡೆ ಸಂಜೆ ಸುಟ್ಟದ್ದು ಬೆಳಗಿನ ಜಾವ ಅಂಕೋಲಾದ ತಗ್ಗಿನಲ್ಲಿ ಮೂಗಿಗೆ ಬಡಿಯುವುದು ಹೀಗೆ. ಘಟ್ಟದ ಮೇಲೆ ತಂಪು ಗಾಳಿ ಕಣಿವೆಯ ತಳಕ್ಕೆ ಇಳಿದು ನಿಲ್ಲುತ್ತದೆ, ಅದರ ಮೇಲೆ ಬಿಸಿ ಗಾಳಿಯ ಪದರ ಮುಚ್ಚಳ ಹಾಕಿದಂತೆ ಕೂರುತ್ತದೆ. ನಮ್ಮ ತೋಟ, ಮನೆಗಳೆಲ್ಲ ಇರುವುದು ಆ ತಳದಲ್ಲೇ. ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಕೆಟ್ಟ ಹೊತ್ತು. ಶಾಲೆ ಮಕ್ಕಳು ಬಸ್ಸಿಗೆ ಕಾಯುವುದೂ, ದೊಡ್ಡವರು ವಾಕಿಂಗ್ ಹೋಗುವುದೂ ಇದೇ ಹೊತ್ತಿನಲ್ಲಿ.

ಮೊಬೈಲ್ ಆ್ಯಪ್‌ನ ಗಾಳಿ ಗುಣಮಟ್ಟದ ಅಂಕಿ ಈ ಹೊಗೆಯನ್ನು ಹಿಡಿಯುತ್ತದೆಯೇ? ಹತ್ತಿರ ಅಳತೆ ಕೇಂದ್ರ ಇಲ್ಲದ ಊರಿಗೆ ಹಲವು ಆ್ಯಪ್‌ಗಳು ಕೊಡುವುದು ಗಣಕ ಮಾದರಿಯ ಅಂದಾಜು. ಯುರೋಪಿನ ಕ್ಯಾಮ್ಸ್ ಜಾಗತಿಕ ಮಾದರಿಯ ಒಂದು ಚೌಕ ಸುಮಾರು 40 ಕಿಲೋಮೀಟರ್. ಶಿರಸಿ ಮತ್ತು ಕುಮಟಾದ ನಡುವಿನ ಇಡೀ ಘಟ್ಟ ಒಂದು ಚೌಕದೊಳಗೆ ಅಡಗುತ್ತದೆ. ಒಂದು ಕಣಿವೆಯ ಹೊಗೆ ಅದಕ್ಕೆ ಕಾಣದು. ಮನೆಯಲ್ಲಿಡುವ ಲೇಸರ್ ಕಣಮಾಪಕ ಪರವಾಗಿಲ್ಲ, ಆದರೆ ಕರಾವಳಿಯಲ್ಲಿ ಎಚ್ಚರ ಬೇಕು. ಬೆಳಗಿನ ತೇವ ಹೆಚ್ಚಿರುವಾಗ ಅದು ಮಂಜಿನ ಹನಿಯನ್ನೂ ಹೊಗೆ ಎಂದೇ ಎಣಿಸುತ್ತದೆ. ತೇವಾಂಶವನ್ನೂ ಜೊತೆಗೆ ಬರೆದಿಡಿ, ತೇವ ಇಳಿದ ಮೇಲೂ ಅಂಕಿ ಇಳಿಯದಿದ್ದರೆ ಅದು ಹೊಗೆಯೇ. ಪಿಎಂ 2.5ಕ್ಕೆ, ಅಂದರೆ ಗಾಳಿಯಲ್ಲಿನ ಸೂಕ್ಷ್ಮ ಕಣಕ್ಕೆ, ನಮ್ಮ ದೇಶದ 24 ತಾಸಿನ ಮಿತಿ ಘನಮೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಬಟ್ಟೆಯ ಮುಖಗವಸು ಇದಕ್ಕೆ ನಿಲ್ಲದು, ಎನ್95 ಬೇಕು, ಅದೂ ಮೂಗಿನ ಬದಿಯಲ್ಲಿ ಗಾಳಿ ಸೋರದಂತೆ. ಗಾಳಿ ಶುದ್ಧೀಕರಿಸುವ ಯಂತ್ರವನ್ನು ಹೆಂಚಿನ ಮನೆಯಲ್ಲಿ ಮಾಳಿಗೆ ಇಲ್ಲದ ಕೋಣೆಗೆ ಕೊಂಡು ದುಡ್ಡು ಹಾಳು ಮಾಡಬೇಡಿ. ಮಾಳಿಗೆ ಇರುವ ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತು ಅಡಿಯ ಕೋಣೆ ಎಂದರೆ 34 ಘನಮೀಟರ್. ತಾಸಿಗೆ ಐದು ಸಲ ಗಾಳಿ ಸೋಸಲು ತಾಸಿಗೆ 170 ಘನಮೀಟರ್ ಸಾಮರ್ಥ್ಯದ ಯಂತ್ರ ಬೇಕು.

ಸಂದೇಶ ಬಂದ ಮೇಲಿನ ಭಾಗವೇ ಈ ಸೇವೆಯ ಅತಿ ದುರ್ಬಲ ಕೊಂಡಿ, ಅದಕ್ಕೆ ಡೆಹ್ರಾಡೂನನ್ನು ದೂರಿ ಫಲವಿಲ್ಲ. ಸಂದೇಶಕ್ಕೆ ದೂರಿನ ಸಂಖ್ಯೆ ಇಲ್ಲ. ಯಾರು ಹೋದರು, ಎಷ್ಟು ಹೊತ್ತಿಗೆ ಆರಿತು, ಎಷ್ಟು ಎಕರೆ ಸುಟ್ಟಿತು, ಪ್ರಕರಣ ದಾಖಲಾಯಿತೇ, ಯಾವುದೂ ನಾಗರಿಕರಿಗೆ ಮರಳಿ ಬರುವುದಿಲ್ಲ. ಕಾನೂನಿಗೆ ಕೊರತೆ ಇಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 24 ನಿಷೇಧಿಸುತ್ತದೆ. ಅಭಯಾರಣ್ಯದಲ್ಲಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಸೆಕ್ಷನ್ 30 ಇದೆ. ಗಾಳಿ ಕೆಡಿಸುವ ವಸ್ತುಗಳನ್ನು ಸುಡದಂತೆ ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ವಾಯು ಕಾಯ್ದೆ 1981ರ ಸೆಕ್ಷನ್ 19(5) ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಕೇಂದ್ರದ ಕಾಡ್ಗಿಚ್ಚು ಕ್ರಿಯಾ ಯೋಜನೆ 2018ರದು.

ಆದರೂ ಜಾರಿ ಯಾಕೆ ಸಡಿಲ? ಬೆಂಕಿ ಹಚ್ಚಿದವರನ್ನು ಕಂಡವರು ಸಿಗುವುದಿಲ್ಲ, ಪ್ರಕರಣ 'ಅಪರಿಚಿತರು' ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಕಾವಲಿಗೆ ನಿಲ್ಲುವ ಫೈರ್ ವಾಚರ್‌ಗಳು ಹಂಗಾಮಿಗಳು, ಹಣ ತಡವಾದರೆ ಅವರ ನೇಮಕ ತಡ, ಬೆಂಕಿ ರೇಖೆ ತಡ. ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಕಸಕಡ್ಡಿ ಸುಟ್ಟು ತೆರವು ಮಾಡುವ ಪಟ್ಟೆ, ಜನವರಿಯಲ್ಲಿ ಮುಗಿಯಬೇಕಾದ ಕೆಲಸ. ಮಾರ್ಚಿನಲ್ಲಿ ರೇಖೆ ಸುಡಲು ಹೋದರೆ ಆ ಬೆಂಕಿಯೇ ಕೈತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಬೀಟ್‌ನಲ್ಲಿ ಹೆಚ್ಚು ಸುಟ್ಟಿತೆಂದು ಬರೆದವನೇ ಉತ್ತರ ಕೊಡಬೇಕಾದ ವ್ಯವಸ್ಥೆಯಲ್ಲಿ ಸುಟ್ಟ ವಿಸ್ತೀರ್ಣ ಕಾಗದದ ಮೇಲೆ ಚಿಕ್ಕದಾಗುತ್ತ ಹೋಗುವುದು ಸಹಜ. ಹಗಲೂ ರಾತ್ರಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ಗಸ್ತು ಪಾಲಕನ ಮೇಲೆ ಇದನ್ನು ಹೊರಿಸುವುದು ಅನ್ಯಾಯ. ಲೆಕ್ಕ ಕೇಳಬೇಕಾದದ್ದು ಮೇಲಿನವರನ್ನು.

ಹಾಗಾಗಿ ಸಂದೇಶ ಬಂದ ಕೂಡಲೇ 1926ಕ್ಕೆ, ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಕರೆ ಮಾಡಿ. ಮನೆ, ತೋಟದ ಹತ್ತಿರ ಬಂದಿದ್ದರೆ 112. ಕರೆ ಮಾಡಿದ ಸಮಯ ಬರೆದಿಡಿ. ಜಾಗಕ್ಕೆ ಹೋಗುವುದಾದರೆ ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ಎಂದೂ ನಿಲ್ಲಬೇಡಿ, ಬೆಂಕಿ ಏರುವ ವೇಗ ಮನುಷ್ಯ ಏರುವ ವೇಗಕ್ಕಿಂತ ಹೆಚ್ಚು. ಫೋಟೊದಲ್ಲಿ ಜಾಗದ ನಿರ್ದೇಶಾಂಕ ದಾಖಲಾಗುವಂತೆ ಫೋನಿನ ಲೊಕೇಶನ್ ಚಾಲೂ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಆ ಮಾಹಿತಿ ಅಳಿದುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಸುಟ್ಟ ವಿಸ್ತೀರ್ಣವನ್ನು ಮನೆಯಲ್ಲೇ ಕೂತು ಅಳೆಯಬಹುದು. ಯುರೋಪಿನ ಸೆಂಟಿನೆಲ್ 2 ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಸುಮಾರು ಐದು ದಿನಕ್ಕೊಂದು ಚಿತ್ರ. ಬ್ಯಾಂಡ್ 12, 8ಎ, 4ರ ಜೋಡಣೆ ಆರಿಸಿದರೆ ಹಸಿರು ಹಸಿರಾಗಿಯೇ, ಸುಟ್ಟ ನೆಲ ಕಡುಗಂದಾಗಿ ಕಾಣುತ್ತದೆ. ಬೆಂಕಿಗೆ ಮುಂಚಿನ, ನಂತರದ ಎರಡು ಚಿತ್ರ ಪಕ್ಕದಲ್ಲಿಟ್ಟೇ ನೋಡಿ, ಎಲೆ ಉದುರಿದ ತೇಗದ ತೋಪೂ ಕಂದಾಗಿಯೇ ಕಾಣುವುದರಿಂದ ಒಂದೇ ಚಿತ್ರ ನೋಡಿದರೆ ಮೋಸ ಹೋಗುತ್ತೀರಿ. ಚಿಗುರು ಬಂದರೆ ಗುರುತು ಅಳಿಸುತ್ತದೆ, ಎರಡು ವಾರದೊಳಗೆ ನೋಡಿ. ದಟ್ಟ ಹಸಿರಿನಡಿ ಸುಟ್ಟದ್ದು ಇಲ್ಲೂ ಸಿಗದು, ಅದಕ್ಕೆ ನಡೆದು ಅಳೆಯುವುದೇ ದಾರಿ.

ಇಷ್ಟು ಕೈಯಲ್ಲಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಗಟ್ಟಿಯಾಗುತ್ತದೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ಕಾಡ್ಗಿಚ್ಚಿನ ಬಗ್ಗೆ ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ. ಹೀಗೆ ಕೇಳಿ: ಇಂಥ ದಿನ, ಇಂಥ ಹೊತ್ತಿಗೆ, ಇಂಥ ನಿರ್ದೇಶಾಂಕಕ್ಕೆ ಬಂದ ಎಫ್‌ಎಸ್‌ಐ ಎಚ್ಚರಿಕೆಯ ಮೇಲೆ ಸಿಬ್ಬಂದಿ ಸ್ಥಳಕ್ಕೆ ತಲುಪಿದ ಸಮಯದ ದಾಖಲೆ, ಬರೆದ ಸುಟ್ಟ ವಿಸ್ತೀರ್ಣ, ಅರಣ್ಯ ಅಪರಾಧ ಪ್ರಕರಣದ ಸಂಖ್ಯೆ ಮತ್ತು ಸೆಕ್ಷನ್, ಆ ಬೀಟ್‌ನ ಬೆಂಕಿ ರೇಖೆ ಕೆಲಸ ಮುಗಿದ ದಿನಾಂಕ, ಇವುಗಳ ಪ್ರತಿ. ಅರ್ಜಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಹೋಗಲಿ, ಅಲ್ಲಿ ಎಲ್ಲ ವಲಯಗಳ ಕಾಗದವೂ ಸೇರುತ್ತದೆ.

ಅಂಕ ಕೊಡಬೇಕೆಂದರೆ, ಎಚ್ಚರಿಕೆ ಕಳಿಸುವ ಕೆಲಸಕ್ಕೆ ಐದರಲ್ಲಿ ನಾಲ್ಕು. ಜಾಗದ ನಿಖರತೆಗೆ ನಮ್ಮ ಭೂಮಿಯ ಸ್ವರೂಪ ನೋಡಿ ಮೂರು. ಸಂದೇಶದ ನಂತರದ ಸರ್ಕಾರಿ ಹೊಣೆಗೆ ಒಂದು, ಅದೂ ಸಹಾಯವಾಣಿ ಇದೆ ಎಂಬ ಕಾರಣಕ್ಕೆ. ಪ್ರತಿ ಎಚ್ಚರಿಕೆಗೆ ಒಂದು ಸಂಖ್ಯೆ ಕೊಟ್ಟು, ಸ್ಥಳ ಪರಿಶೀಲನೆಯ ಫಲಿತಾಂಶವನ್ನು ಅದೇ ಸಂಖ್ಯೆಯಡಿ ಎಲ್ಲರೂ ನೋಡುವಂತೆ ಹಾಕಿದರೆ ಈ ಒಂದು ಅಂಕ ನಾಲ್ಕಾಗುತ್ತದೆ. ಅದಕ್ಕೆ ಹೊಸ ಉಪಗ್ರಹ ಬೇಡ, ಹೊಸ ಕಾಯ್ದೆಯೂ ಬೇಡ. ಅಲ್ಲಿಯವರೆಗೆ ಗ್ರಾಮ ಅರಣ್ಯ ಸಮಿತಿಯಲ್ಲಿ ಇಬ್ಬರಾದರೂ ನೋಂದಾಯಿಸಿಕೊಂಡು, ಬಂದ ಸಂದೇಶ, ಕರೆ ಮಾಡಿದ ಹೊತ್ತು, ಸಿಬ್ಬಂದಿ ಬಂದ ಹೊತ್ತು, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಬಂದು ಜೂನಿನ ಗ್ರಾಮಸಭೆಯ ಮುಂದಿಡಬೇಕು. ನೋಂದಣಿಯನ್ನು ಜನವರಿಯೊಳಗೆ ಮುಗಿಸಿ. ಘಟ್ಟದ ಮೇಲೆ ಕರಡ ಒಣಗುವ ಹೊತ್ತಿಗೆ ಮೊದಲ ಸಂದೇಶಗಳು ಬರತೊಡಗುತ್ತವೆ.